ಅಕ್ಷರದ ಲೆಕ್ಕವೂ ಎಸ್ಸೆಮ್ಮೆಸ್ಸಿನ ಸುಂಕವೂ

ಹೊಸದಾಗಿ ಸ್ಮಾರ್ಟ್‌ಫೋನನ್ನು ಕೊಂಡ ಉಪಾಧ್ಯಾಯರು ಪೋಷಕರಿಗೆ ಕನ್ನಡದಲ್ಲಿ ಎಸ್ಸೆಮ್ಮೆಸ್ಸು ಬರೆಯತೊಡಗಿದರೆ ವಿಚಿತ್ರವೊಂದು ಅನುಭವಕ್ಕೆ ಬರುತ್ತದೆ. ನಾಲ್ಕು ವಾಕ್ಯ ಮುಗಿಯುವಷ್ಟರಲ್ಲಿ ಸಂದೇಶವು ಒಂದಲ್ಲ, ಮೂರು ಎಂದು ಎಣಿಕೆಯಾಗಿರುತ್ತದೆ. ಇಂಗ್ಲಿಷಿಗೆ ಒಂದು ಸಂದೇಶದಲ್ಲಿ 160 ಅಕ್ಷರಗಳ ಅವಕಾಶ. ಕನ್ನಡಕ್ಕೆ 70 ಮಾತ್ರ. ಅಲ್ಲಿ ಅಕ್ಷರವೊಂದಕ್ಕೆ 7 ಬಿಟ್, ಇಲ್ಲಿ 16 ಬಿಟ್ ವ್ಯಯವಾಗುವುದೇ ಇದಕ್ಕೆ ಕಾರಣ.

ಆ 70 ಕೂಡ ಕನ್ನಡಿಗರು ಅರಿತ ಅಕ್ಷರಗಳಲ್ಲ. ‘ಸ್ತ್ರೀ’ ಎಂಬುದು ಛಂದಸ್ಸಿಗೆ ಒಂದೇ ಅಕ್ಷರ, ವ್ಯಾಕರಣಕ್ಕೆ ನಾಲ್ಕು ವರ್ಣ. ಯಂತ್ರದ ಲೆಕ್ಕದಲ್ಲಿ ಆರು. ಒತ್ತಕ್ಷರದೊಳಗೆ ಅಡಗಿ ಕಣ್ಣಿಗೇ ಕಾಣದ ಎರಡು ಹಲಂತಚಿಹ್ನೆಗಳೂ ಒಂದೊಂದು ಸ್ಥಾನವನ್ನು ಆಕ್ರಮಿಸುತ್ತವೆ. ಶಬ್ದಮಣಿದರ್ಪಣಕಾರನಿಗೂ ಈ ಗಣನೆ ಹೊಳೆದಿರಲಾರದು!

ವಾಟ್ಸ್‌ಆ್ಯಪ್ ಬಳಸುವವರಿಗೆ ಈ ಬಾಧೆಯಿಲ್ಲ, ನಿಜ. ಆದರೆ ಸಾದಾ ಫೋನುಳ್ಳ ತಂದೆತಾಯಿಗಳನ್ನು ಮುಟ್ಟುವುದು ಎಸ್ಸೆಮ್ಮೆಸ್ಸೇ. ಸಗಟಾಗಿ ಕಳುಹಿಸುವ ಸೂಚನೆಗಳಿಗೆ ತುಣುಕಿನ ಲೆಕ್ಕದಲ್ಲಿ ಹಣ ತೆರಬೇಕಾದಾಗ ಶಾಲೆಯೊಂದು ಇಂಗ್ಲಿಷಿಗೋ ರೋಮನ್ ಲಿಪಿಯ ಕನ್ನಡಕ್ಕೋ ಶರಣಾದರೆ ಆಶ್ಚರ್ಯವೇನು? ಕನ್ನಡ ಶಾಲೆಯಲ್ಲಿ ನಾಲ್ಕನೆಯ ತರಗತಿ ಓದಿದ ತಾಯಿ ಆ ಸೂಚನೆಯನ್ನು ಓದಿಸಲು ಪಕ್ಕದ ಮನೆಗೆ ಹೋಗಬೇಕಾಗುತ್ತದೆ.

ಪರಿಹಾರವಿಲ್ಲವೆನ್ನುವಂತಿಲ್ಲ. ಕನ್ನಡಕ್ಕೆಂದೇ 7 ಬಿಟ್ಟಿನ ವರ್ಣಪಟ್ಟಿಯೊಂದು ಅಂತರರಾಷ್ಟ್ರೀಯ ಮಾನಕದಲ್ಲಿ ಸೇರಿದೆ. ಅದರಿಂದ ಒಂದು ಸಂದೇಶದಲ್ಲಿ 150ಕ್ಕೂ ಮಿಕ್ಕ ಚಿಹ್ನೆಗಳು ಹಿಡಿಯುತ್ತವೆ. ಫೋನು ತಯಾರಕರೂ ಸೇವಾಸಂಸ್ಥೆಗಳೂ ಅದನ್ನು ವ್ಯಾಪಕವಾಗಿ ರೂಢಿಗೆ ತಂದಿಲ್ಲ. ತರುವವರೆಗಾದರೂ ಕನ್ನಡದ ಎರಡು ತುಣುಕುಗಳಿಗೆ ಒಂದರ ಸುಂಕವನ್ನೇ ವಿಧಿಸುವುದು ನ್ಯಾಯ.