ಟೇಬಲ್ ಒರೆಸೋರು ಯಾರು?

ಕಳೆದ ಸೆಮಿಸ್ಟರ್‌ನಲ್ಲಿ ಎರಡನೇ ಇಂಟರ್ನಲ್ಸ್ ಮುಗಿದ ಸಂಜೆ. ಎಂಟು ಜನ ಸೇರಿ ಕಾಲೇಜಿನ ಹತ್ತಿರದ ಒಂದು ದರ್ಶಿನಿಗೆ ಹೋಗಿದ್ವಿ. ಹೋಟೆಲ್ ಹೆಸರು ಬೇಡ, ಯಾಕಂದ್ರೆ ಈ ಕಥೆ ಹೋಟೆಲಿನದಲ್ಲ, ನಮ್ಮದು. ಅವತ್ತು ಗೆಳೆಯನೊಬ್ಬನ ಬರ್ತ್‌ಡೇ. ನಿಂತು ತಿನ್ನೋ ಟೇಬಲ್ ಮೇಲೆ ಕೇಕ್ ಇಟ್ಟು ಕಟ್ ಮಾಡಿಸಿದ್ವಿ. ಒಂದೊಂದು ತುಂಡು ತಿಂದ ಮೇಲೆ ಉಳಿದದ್ದನ್ನ ಅವನ ಮುಖಕ್ಕೆ ಮೆತ್ತಿದ್ವಿ. ಯಾರೋ ಸ್ನೋ ಸ್ಪ್ರೇ ಬೇರೆ ತಂದಿದ್ದ. ಕಿರುಚಾಟ, ವಿಡಿಯೋ, ನಗು. ಕ್ರೀಮು ನೆಲಕ್ಕೆ ಬಿತ್ತು, ಅದನ್ನೇ ತುಳಿದುಕೊಂಡು ಓಡಾಡಿದ್ವಿ.

ಆಗ ಸುಮಾರು ಎಪ್ಪತ್ತು ವರ್ಷದ ಹಿರಿಯರೊಬ್ಬರು ಕಾಫಿ ಲೋಟ ಹಿಡಿದುಕೊಂಡು ನಮ್ಮ ಪಕ್ಕದಲ್ಲೇ ಬಂದರು. ಕಾಲು ಜಾರಿತು. ಅಲ್ಲೇ ತಟ್ಟೆ ಎತ್ತುತ್ತಿದ್ದ ಕ್ಲೀನರ್ ಓಡಿ ಬಂದು ಹಿಡಿದುಕೊಳ್ಳದಿದ್ರೆ ಬಿದ್ದೇ ಬಿಡುತ್ತಿದ್ದರು. ಬಿಸಿ ಕಾಫಿ ಅವರ ಕೈಮೇಲೆ ಚೆಲ್ಲಿತು. ಕ್ಯಾಶ್ ಕೌಂಟರಿನಲ್ಲಿದ್ದವರು ಎದ್ದು ನಿಂತು ಕೂಗಿದರು: “ಏನಯ್ಯಾ, ನೆಲ ಒರೆಸೋಕೆ ಹೇಳಿ ಎಷ್ಟೊತ್ತಾಯ್ತು? ಕಣ್ಣು ಕಾಣಲ್ವಾ ನಿಂಗೆ?”

ಕೂಗಿದ್ದು ನಮಗಲ್ಲ, ಆ ಕ್ಲೀನರ್‌ಗೆ. ವಯಸ್ಸು ಐವತ್ತರ ಆಸುಪಾಸು ಇರಬಹುದು. ಅವರು ತುಟಿ ಬಿಚ್ಚಲಿಲ್ಲ. ಮಾಪ್ ತಂದು ನಮ್ಮ ಕಾಲುಗಳ ನಡುವೆ ಬಗ್ಗಿ ಒರೆಸಿದರು. ನಾವು ಎಂಟೂ ಜನ ಅಲ್ಲೇ ಇದ್ವಿ. “ಸಾರ್, ತಪ್ಪು ನಮ್ದು” ಅಂತ ಹೇಳೋಕೆ ಎರಡು ಸೆಕೆಂಡ್ ಸಾಕಿತ್ತು. ಒಬ್ಬನೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಮೊಬೈಲ್ ನೋಡಿಕೊಂಡು ನಿಂತಿದ್ದೆ.

ಈ ಲೇಖನ ಬರೆಯೋಕೆ ಕಾರಣ ಆ ಎರಡು ಸೆಕೆಂಡ್.

ದರ್ಶಿನಿ ಅಂದ್ರೆ ಬೆಂಗಳೂರಿನವರಿಗೆ ವಿವರಿಸಿ ಹೇಳೋದೇನೂ ಬೇಕಿಲ್ಲ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದ ಮೇಲೆ ಊರು ತುಂಬ ಹಬ್ಬಿದ ಪದ್ಧತಿ ಇದು. ಟೋಕನ್ ತಗೋ, ಕೌಂಟರಿಗೆ ಹೋಗು, ನಿಂತು ತಿನ್ನು, ತಟ್ಟೆ ಅದರ ಜಾಗಕ್ಕೆ ಇಡು, ಹೊರಡು. ಸಪ್ಲೈಯರ್‌ಗಳು ಕಡಿಮೆ, ಜಾಗ ಕಡಿಮೆ, ಹಾಗಾಗಿ ರೇಟೂ ಕಡಿಮೆ. ಪಾಕೆಟ್ ಮನಿಯಲ್ಲಿ ಬದುಕೋ ನಮ್ಮಂಥವರಿಗೆ ಬಿಸಿ ಇಡ್ಲಿ-ವಡೆ ಕೈಗೆಟುಕೋದು ಈ ಲೆಕ್ಕಾಚಾರದಿಂದ. ಆದರೆ ಇದರಲ್ಲಿ ಹೇಳದೇ ಇರೋ ಒಂದು ಒಪ್ಪಂದ ಇದೆ: ಅರ್ಧ ಕೆಲಸ ಗಿರಾಕಿ ಮಾಡ್ತಾನೆ ಅಂತ. ಗ್ರೂಪ್ ಪ್ರಾಜೆಕ್ಟಲ್ಲಿ ಒಂದು ಲೈನ್ ಕೋಡ್ ಬರೀದೆ ರಿಪೋರ್ಟಿಗೆ ಹೆಸರು ಹಾಕಿಸಿಕೊಳ್ಳೋ ಟೀಮ್‌ಮೇಟನ್ನ ನಾವು ಎಷ್ಟು ಬೈತೀವಿ! ದರ್ಶಿನಿಯಲ್ಲಿ ಆ ಟೀಮ್‌ಮೇಟ್ ನಾವೇ.

ಒಂದು ಉದಾಹರಣೆ ಕೊಡ್ತೀನಿ. ಕಾಫಿ ಕುಡಿದು ಬಾಯಿ ಒರೆಸಿದ ಟಿಶ್ಯೂನ ಲೋಟದ ಒಳಗೇ ತುರುಕೋದು. ನೀಟಾಗಿ ಕಾಣುತ್ತೆ, ಟೇಬಲ್ ಮೇಲೆ ಕಸ ಇಲ್ಲ. ಆದರೆ ತಳದಲ್ಲಿ ಉಳಿದ ಕಾಫಿಗೆ ಅದು ನೆನೆದು ಅಂಟಿಕೊಳ್ಳುತ್ತೆ. ಹಿಂದೆ ಪಾತ್ರೆ ತೊಳೆಯೋರು ಒಂದೊಂದು ಲೋಟಕ್ಕೂ ಬೆರಳು ಹಾಕಿ ಅದನ್ನ ಕೀಳಬೇಕು. ಇನ್ನು ತಟ್ಟೆಯಲ್ಲೇ ಕೈ ತೊಳೆಯೋರಿದ್ದಾರೆ. ಆ ನೀರು ತುಂಬಿದ ತಟ್ಟೆಯನ್ನ ಒಂದರ ಮೇಲೊಂದು ಜೋಡಿಸೋಕೂ ಆಗಲ್ಲ, ಎತ್ತಿದರೆ ಮೈಮೇಲೆ ಚೆಲ್ಲುತ್ತೆ. ವಾಶ್‌ಬೇಸಿನ್‌ನಲ್ಲಿ ಕ್ಯಾಕರಿಸಿ ಉಗಿಯೋರ ಬಗ್ಗೆ ಬರೆದರೆ ಓದ್ತಾ ಟಿಫನ್ ಮಾಡ್ತಿರೋರಿಗೆ ಕಷ್ಟ, ಬಿಡಿ. ಬೈಟು ಕಾಫಿ ತಗೊಂಡು ನಾಲ್ಕು ಜನ ಮುಕ್ಕಾಲು ಗಂಟೆ ಟೇಬಲ್ ಹಿಡಿದುಕೊಂಡಿರೋದು, ಸಾಂಬಾರ್ ತುಂಬಿದ ತಟ್ಟೆ ಹಿಡಿದ ಅಜ್ಜಿ ಪಕ್ಕದಲ್ಲೇ ಜಾಗ ಹುಡುಕ್ತಿದ್ರೂ ಕಂಡೂ ಕಾಣದ ಹಾಗೆ ಇರೋದು, ಇದರಲ್ಲಂತೂ ನಮ್ಮ ಬ್ರಾಂಚು ಕಾಲೇಜಿಗೇ ಫಸ್ಟ್.

ಹೋಟೆಲ್ ಕ್ಲೀನ್ ಇಲ್ಲ ಅಂದ್ರೆ ಮಾತ್ರ ನಮಗೆ ಬೇಗ ಕೋಪ ಬರುತ್ತೆ. ತಕ್ಷಣ ಒಂದು ಸ್ಟಾರ್ ಕೊಟ್ಟು ರಿವ್ಯೂ ಬರೀತೀವಿ. ತಪ್ಪೇನಿಲ್ಲ. ಹೋಟೆಲಿನವರು ಅವರ ಪಾಲಿನದ್ದು ಮಾಡಲೇಬೇಕು. ಎಂಟಿಆರ್‌ನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ, ಅಲ್ಲಿನ ಹೋಟೆಲುಗಳ ಶುಚಿತ್ವ ನೋಡಿ ಬಂದು, ಲೋಟ ತಟ್ಟೆಗಳನ್ನ ಹಬೆಯಲ್ಲಿ ಶುಚಿ ಮಾಡೋ ಪದ್ಧತಿ ತಂದರು. ಹೋಟೆಲ್ ಕಡೆಯಿಂದ ಇಂಥ ಪ್ರಯತ್ನ ನಡೆದು ಎಪ್ಪತ್ತು ವರ್ಷ ದಾಟಿದೆ. ಗಿರಾಕಿಗಳ ಕಡೆಯಿಂದ ಏನು ನಡೆದಿದೆ? ನಮಗೆ ಸ್ಟಾರ್ ಕೊಡೋರು ಯಾರು?

ಈ ಮಾತು ಎತ್ತಿದಾಗೆಲ್ಲ ಬರೋ ಉತ್ತರ ಒಂದೇ: “ದುಡ್ಡು ಕೊಟ್ಟಿದೀವಲ್ಲ ಮಗಾ, ಅವ್ರಿಗೆ ಅದೇ ಕೆಲ್ಸ ತಾನೆ?” ಹೌದು, ತಟ್ಟೆ ತೊಳೆಯೋದು, ಟೇಬಲ್ ಒರೆಸೋದು ಅವರ ಕೆಲಸ. ಅದಕ್ಕೆ ಸಂಬಳ ಇದೆ. ಆದರೆ ನಮ್ಮ ಕೇಕ್ ಕೆರೆಯೋದು, ನಮ್ಮ ಟಿಶ್ಯೂ ಕೀಳೋದು, ನಮ್ಮ ತಪ್ಪಿಗೆ ಬೈಸಿಕೊಳ್ಳೋದು ಕಾಫಿ ರೇಟಲ್ಲಿ ಸೇರಿಲ್ಲ. ನಿಜ ಹೇಳಬೇಕಂದ್ರೆ ಈ ಯೋಚನೆ ದುಡ್ಡಿನಿಂದ ಬಂದದ್ದೂ ಅಲ್ಲ. ಎಂಜಲು ಮಾಡೋದು ನಾವು, ಎತ್ತೋದು ‘ಇನ್ಯಾರೋ’ ಅನ್ನೋದು ಈ ನೆಲದಲ್ಲಿ ಬಹಳ ಹಳೇ ರೋಗ. ಆ ‘ಇನ್ಯಾರೋ’ ಯಾವ ಜಾತಿಯವರಾಗಿರಬೇಕು ಅಂತಲೂ ಮೊದಲೇ ಗೊತ್ತುಮಾಡಿ ಇಟ್ಟಿದ್ದರು. ಟೋಕನ್, ಯುಪಿಐ ಎಲ್ಲ ಬಂದರೂ ಆ ರೋಗ ಮಾತ್ರ ಹೋಗಿಲ್ಲ.

ಕಾನೂನು ಮಾಡಿ ಸರಿ ಮಾಡಬಹುದಾ? 2021ರ ನವೆಂಬರ್‌ನಲ್ಲಿ ಕೆಎಸ್‌ಆರ್‌ಟಿಸಿ ಬಸ್ಸುಗಳ ಒಳಗೆ ಮೊಬೈಲ್ ಸ್ಪೀಕರ್‌ನಲ್ಲಿ ಜೋರಾಗಿ ಹಾಡು, ವಿಡಿಯೋ ಹಾಕಬಾರದು ಅಂತ ನಿಷೇಧ ಬಂತು. ಹೇಳಿದ ಮಾತು ಕೇಳದಿದ್ರೆ ಬಸ್ಸಿಂದ ಇಳಿಸೋಕೂ ಅವಕಾಶ ಇದೆ. ಆದರೂ ಕಳೆದ ವಾರ ಊರಿಂದ ರಾತ್ರಿ ಬಸ್ಸಲ್ಲಿ ಬರುವಾಗ ಹಿಂದಿನ ಸೀಟಿಂದ ಒಂದೂವರೆ ಗಂಟೆ ರೀಲ್ಸ್ ಸೌಂಡ್ ಕೇಳಿದೆ. ಕಂಡಕ್ಟರ್ ಒಬ್ಬರೇ, ಟಿಕೆಟ್ ಕೊಡಬೇಕು, ಚಿಲ್ಲರೆ ಹೊಂದಿಸಬೇಕು, ಐವತ್ತು ಜನರ ಕಿವಿಯನ್ನೂ ಅವರೇ ಕಾಯಬೇಕು ಅಂದ್ರೆ ಹೇಗೆ? ನಿಯಮ ಇದ್ದರೂ ಅದನ್ನ ಪಾಲಿಸೋರು ಕೊನೆಗೆ ನಾವೇ.

2022ರ ಫುಟ್‌ಬಾಲ್ ವಿಶ್ವಕಪ್ ಹೊತ್ತಿಗೆ ಜಪಾನ್ ಅಭಿಮಾನಿಗಳು ಮ್ಯಾಚ್ ಮುಗಿದ ಮೇಲೆ ಸ್ಟೇಡಿಯಂ ಕ್ಲೀನ್ ಮಾಡಿದ ವಿಡಿಯೋನ ನಾವೆಲ್ಲ ಸ್ಟೇಟಸ್ ಹಾಕಿಕೊಂಡಿದ್ವಿ. ಅಷ್ಟು ದೂರ ಯಾಕೆ? ನಮ್ಮ ಮನೆಯಲ್ಲೇ ಊಟ ಆದಮೇಲೆ ತಟ್ಟೆ ಅಲ್ಲೇ ಬಿಟ್ಟು ಎದ್ದರೆ ಅಮ್ಮ ಏನಂತಾರೆ? ನನಗಂತೂ ಎರಡನೇ ಸಲ ಊಟ ಸಿಗಲ್ಲ. ಅಂದ್ರೆ ನಮಗೆ ಗೊತ್ತಿಲ್ಲ ಅಂತೇನಿಲ್ಲ. ಹೊಸಿಲು ದಾಟಿದ ತಕ್ಷಣ ಮರೆತುಬಿಡ್ತೀವಿ, ಅಷ್ಟೆ.

ಇನ್ನೊಂದು ವಿಷಯ, ಕನ್ನಡ ಸಂಘದ ಪತ್ರಿಕೆ ಆದ್ದರಿಂದ ಹೇಳಲೇಬೇಕು. ನಮ್ಮ ಭಾಷೆಯಲ್ಲಿ ‘ನೀನು’ ಇದೆ, ‘ನೀವು’ ಇದೆ. ಪ್ಲೇಸ್‌ಮೆಂಟ್‌ಗೆ ಬರೋ, ನಮಗಿಂತ ಎರಡೇ ವರ್ಷ ದೊಡ್ಡವನಾದ ಎಚ್‌ಆರ್‌ಗೆ ಉಸಿರಿಗೊಂದು ಸಲ ‘ಸರ್’ ಅಂತೀವಿ. ಅಪ್ಪನ ವಯಸ್ಸಿನ ಕ್ಲೀನರ್‌ಗೆ “ಏಯ್, ಇಲ್ ಒರ್ಸೋ” ಅಂತೀವಿ. ರಾಜ್ಯೋತ್ಸವಕ್ಕೆ ಡೊಳ್ಳು ಬಡಿದು, ಕೆಂಪು-ಹಳದಿ ಶಾಲು ಹಾಕಿಕೊಂಡು ‘ಕನ್ನಡ ಉಳಿಸಿ’ ಅಂತ ಕೂಗೋದು ಚೆಂದವೇ. ಆದರೆ ‘ಒರೆಸಿ’ ಅನ್ನೋದಕ್ಕೂ ‘ಒರ್ಸೋ’ ಅನ್ನೋದಕ್ಕೂ ಇರೋ ವ್ಯತ್ಯಾಸ ಒಂದೇ ಒಂದು ಅಕ್ಷರ. ಆ ಅಕ್ಷರವನ್ನೂ ಕೊಡೋಕೆ ಜಿಪುಣತನ ಮಾಡೋರು ಭಾಷೆ ಉಳಿಸಿ ಏನು ಮಾಡ್ತೀವಿ?

ಆ ಘಟನೆ ಆಗಿ ಎಂಟು-ಹತ್ತು ದಿನಕ್ಕೆ ನಾನೊಬ್ಬನೇ ಆ ದರ್ಶಿನಿಗೆ ಹೋದೆ. ಮಧ್ಯಾಹ್ನ ಮೂರೂವರೆ, ಜನ ಕಡಿಮೆ. ಅವರು ಟೇಬಲ್ ಒರೆಸುತ್ತಿದ್ದರು. ಹತ್ತಿರ ಹೋಗಿ, “ಅಣ್ಣಾ, ಅವತ್ತು ಕೇಕ್ ಬೀಳಿಸಿದ್ದು ನಾವು. ನಿಮ್ಮನ್ನ ಬೈದ್ರು, ನಾವು ಸುಮ್ನಿದ್ವಿ. ತಪ್ಪಾಯ್ತು” ಅಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ನೆನಪಾಗಲಿಲ್ಲ. ರಾಯಚೂರು ಕಡೆಯವರಂತೆ. ನಕ್ಕು, “ಯಾವತ್ತು ಸರ? ದಿನಾ ಯಾರರ ಒಬ್ರು ಇದ್ದ ಇರ್ತಾರ, ಬಿಡ್ರಿ” ಅಂದು ಮುಂದಿನ ಟೇಬಲ್ಲಿಗೆ ಹೋದರು.

ಬೈದಿದ್ರೆ ಸಮಾಧಾನ ಆಗ್ತಿತ್ತು. ಇಷ್ಟು ದಿನ ನನ್ನ ತಲೆ ಕೊರೆಯುತ್ತಿದ್ದ ವಿಷಯ ಅವರಿಗೆ ಲೆಕ್ಕಕ್ಕೇ ಇರಲಿಲ್ಲ, ಯಾಕಂದ್ರೆ ಅಂಥದ್ದು ಅವರಿಗೆ ದಿನಾ ನಡೆಯುತ್ತೆ. ಮೇಲಿಂದ ‘ಸರ’ ಅಂದದ್ದು ಅವರು, ನನಗೆ.

ಈಗ ನಾವು ಎಂಟು ಜನರಲ್ಲಿ ಐದು ಜನ ಒಂದು ರೂಢಿ ಮಾಡಿಕೊಂಡಿದೀವಿ. ಎಲ್ಲಿಂದ ಏಳಬೇಕಾದ್ರೂ ಒಂದು ಸಲ ತಿರುಗಿ ನೋಡೋದು, ಇದನ್ನ ಈಗ ಯಾರು ಒರೆಸ್ತಾರೆ ಅಂತ. ಉಳಿದ ಮೂರು ಜನ ನಮ್ಮನ್ನ ‘ಸ್ವಚ್ಛ ಭಾರತ’ ಅಂತ ಗೇಲಿ ಮಾಡ್ತಾರೆ. ಮಾಡಲಿ. ಮುಂದಿನ ತಿಂಗಳು ಅವರಲ್ಲೊಬ್ಬನ ಬರ್ತ್‌ಡೇ ಇದೆ. ಕೇಕನ್ನ ತಿನ್ನೋದಕ್ಕೆ ಮಾತ್ರ ಬಳಸೋದು ಅಂತ ತೀರ್ಮಾನ ಆಗಿದೆ. ನೀವೂ ಬನ್ನಿ. ಬರುವಾಗ ಸ್ನೋ ಸ್ಪ್ರೇ ತರಬೇಡಿ.