ಕುಲಪತಿಯ ಕುರ್ಚಿ ಸನ್ಮಾನವಲ್ಲ, ಸೇವೆ!

ಯಾವುದೇ ವಿಶ್ವವಿದ್ಯಾಲಯಕ್ಕೆ ಹೊಸ ಕುಲಪತಿ ಬರಲಿ, ಸುದ್ದಿ ಮೊದಲು ಮುಟ್ಟುವುದು ನಮ್ಮಂಥ ಪ್ರೆಸ್ಸಿನವರಿಗೆ. ಆದೇಶ ಹೊರಬಿದ್ದ ಸಂಜೆಯೇ ಜಾತಿ ಸಂಘದವರು, ಕಟ್ಟಡ ಗುತ್ತಿಗೆದಾರರು, ಬಡ್ತಿಗೆ ಕಾದು ಕೂತವರು ಓಡಿ ಬರುತ್ತಾರೆ. ‘ಹಾರ್ದಿಕ ಅಭಿನಂದನೆಗಳು’ ಎಂದು ದಪ್ಪಕ್ಷರ. ನಡುವೆ ಹೊಸ ಕುಲಪತಿ, ಮೇಲೆ ಸ್ವಾಮೀಜಿ, ಪಕ್ಕದಲ್ಲಿ ಮಂತ್ರಿ, ಕೆಳಗೆ ಸಾಲಾಗಿ ಶುಭ ಕೋರುವವರ ಮುಖಗಳು. ನಾನೂ ಅಚ್ಚು ಹಾಕಿಕೊಟ್ಟಿದ್ದೇನೆ. ಸುಳ್ಳೇಕೆ ಹೇಳಲಿ, ಅದು ನನ್ನ ಹೊಟ್ಟೆಪಾಡು. ಆದರೆ ಇಷ್ಟು ವರ್ಷದಲ್ಲಿ ಒಬ್ಬನೇ ಒಬ್ಬ ಬಂದು, ‘ಹೊಸ ಕುಲಪತಿಗಳು ಹುಡುಗರಿಗೆ ಏನು ಮಾಡುತ್ತಾರೆ ಅಂತ ಒಂದು ಕರಪತ್ರ ಅಚ್ಚು ಮಾಡಿಕೊಡಿ’ ಎಂದು ಕೇಳಿದ್ದಿಲ್ಲ!

ಅದೇ ಪ್ರೆಸ್ಸಿಗೆ ಕಳೆದ ವರ್ಷ ಒಬ್ಬ ಹುಡುಗ ಬಂದ. ಕನ್ನಡ ಮಾಧ್ಯಮದಲ್ಲಿ ಬಿ.ಎ. ಓದಿದವನು. ಬಯೋಡೇಟಾ ಟೈಪ್ ಮಾಡಿಸಬೇಕಿತ್ತು. ಅಂಕಗಳ ಕಾಲಂ ಬಂದಾಗ, ‘ಅದನ್ನ ಖಾಲಿ ಬಿಡಿ ಸಾರ್, ಕೊನೇ ಸೆಮಿಸ್ಟರ್ ರಿಸಲ್ಟ್ ಬಂದಿಲ್ಲ’ ಎಂದ. ಪರೀಕ್ಷೆ ಬರೆದು ಐದು ತಿಂಗಳಾಗಿತ್ತು. ತಿಂಗಳು ಬಿಟ್ಟು ಮತ್ತೆ ಬಂದ. ಕಾಲಂ ಆಗಲೂ ಖಾಲಿ. ಆ ಕೆಲಸ ಬೇರೆಯವನ ಪಾಲಾಗಿತ್ತು. ಅವನ ವಿಶ್ವವಿದ್ಯಾಲಯದಲ್ಲಿ ಅಷ್ಟೂ ದಿನ ಪೂರ್ಣಾವಧಿ ಕುಲಪತಿ ಇರಲಿಲ್ಲ. ಕಡತಕ್ಕೆ ಸಹಿ ಹಾಕುವ ಧೈರ್ಯ ಪ್ರಭಾರದಲ್ಲಿದ್ದವರಿಗೂ ಇರಲಿಲ್ಲ.

‘ಪಿಯುಸಿ ಓದಿದ ನಿನಗೆ ಕುಲಪತಿಗಳ ಸುದ್ದಿ ಯಾಕಪ್ಪಾ?’ ಎಂದು ಕೆಲವರು ಕೇಳಿಯಾರು. ಸ್ವಾಮಿ, ವಿಶ್ವವಿದ್ಯಾಲಯ ನಡೆಯುವುದು ನಾವು ಕಟ್ಟುವ ತೆರಿಗೆಯಿಂದ, ಆ ಹುಡುಗ ಕಟ್ಟುವ ಫೀಸಿನಿಂದ. ಕೇಳುವುದಕ್ಕೆ ಅಷ್ಟು ಅರ್ಹತೆ ಸಾಕು.

ಕುಲಪತಿಯ ನೇಮಕ ಹೇಗೆಂದು 2000ನೇ ಇಸವಿಯ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ ಹೇಳಿದೆ. ಶೋಧನಾ ಸಮಿತಿ ಹೆಸರುಗಳ ಪಟ್ಟಿ ಕೊಡಬೇಕು. ಕುಲಾಧಿಪತಿಗಳಾದ ರಾಜ್ಯಪಾಲರು ರಾಜ್ಯ ಸರ್ಕಾರದ ಒಪ್ಪಿಗೆ ಪಡೆದು ಒಬ್ಬರನ್ನು ನೇಮಿಸಬೇಕು. ಅವಧಿ ನಾಲ್ಕು ವರ್ಷ. ಅಂದರೆ ಕುರ್ಚಿ ಯಾವತ್ತು ಖಾಲಿಯಾಗುತ್ತದೆ ಎಂಬುದು ನೇಮಕವಾದ ದಿನವೇ ಗೊತ್ತು! ಆದರೂ ಖಾಲಿಯಾದ ಮೇಲೆಯೇ ಇವರಿಗೆ ಎಚ್ಚರ. 1916ರಲ್ಲಿ ನಾಲ್ವಡಿಯವರ ಕಾಲದಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾನಿಲಯ 2016ರಲ್ಲಿ ನೂರು ತುಂಬಿಸಿತು. ಅದರ ಬೆನ್ನಲ್ಲೇ, 2017ರ ಆರಂಭದಿಂದ 2018ರ ಕೊನೆಯವರೆಗೆ, ಪ್ರಭಾರ ಕುಲಪತಿಗಳ ಕೈಯಲ್ಲೇ ನಡೆಯಿತು. ಒಬ್ಬರು ಇಳಿದರು, ಇನ್ನೊಬ್ಬರು ಹತ್ತಿದರು. ಶತಮಾನದ ಸಂಸ್ಥೆಗೆ ಒಬ್ಬ ಯಜಮಾನನಿಲ್ಲ. ನಾಚಿಕೆಯಾಗಬೇಡವೇ?

ಈ ಕುರ್ಚಿಯಲ್ಲಿ ಕೂತು ಕೆಲಸ ಮಾಡಲು ಸಾಧ್ಯವೇ ಇಲ್ಲ ಎನ್ನುವವರು ಇತಿಹಾಸ ನೋಡಲಿ.

1956ರಲ್ಲಿ ಕುವೆಂಪು ಮೈಸೂರಿನ ಕುಲಪತಿಯಾದರು. ಅದೇ ವಿಶ್ವವಿದ್ಯಾನಿಲಯದಲ್ಲಿ ಓದಿ, ಅಲ್ಲೇ ಮೇಷ್ಟ್ರಾಗಿ, ಅಲ್ಲೇ ಕುಲಪತಿಯಾದ ಮನುಷ್ಯ. ಕನ್ನಡದಲ್ಲಿ ವಿಜ್ಞಾನ ಕಲಿಸಲು ಪುಸ್ತಕವೆಲ್ಲಿದೆ ಎಂಬ ವಾದ ಆಗಲೂ ಇತ್ತು. ಪುಸ್ತಕವಿಲ್ಲದಿದ್ದರೆ ಬರೆಸೋಣ ಎಂಬುದು ಅವರ ದಾರಿ. ಪಠ್ಯಗಳನ್ನು ಕನ್ನಡದಲ್ಲಿ ಬರೆಸುವ ಕೆಲಸಕ್ಕೆ ವಿಶ್ವವಿದ್ಯಾನಿಲಯವನ್ನೇ ಹಚ್ಚಿದರು. ಸ್ನಾತಕೋತ್ತರ ವಿಭಾಗಗಳಿಗೆ ಒಂದು ಮನೆ ಬೇಕೆಂದು ಕನಸು ಕಂಡು 1960ರಲ್ಲಿ ಮಾನಸಗಂಗೋತ್ರಿ ಕಟ್ಟಿದರು. ಆ ಹೆಸರಿಟ್ಟವರೂ ಅವರೇ. ಇದ್ದದ್ದು ನಾಲ್ಕೇ ವರ್ಷ! ಇವತ್ತಿನ ಕುಲಪತಿಗೂ ಕಾಯ್ದೆ ಕೊಡುವುದು ಅದೇ ನಾಲ್ಕು ವರ್ಷ.

ಧಾರವಾಡದಲ್ಲಿ ಡಿ.ಸಿ. ಪಾವಟೆ 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯ ನಡೆಸಿದರು. ಗುಡ್ಡದ ಮೇಲೆ ಎದ್ದು ನಿಂತ ಆ ಕ್ಯಾಂಪಸ್ಸಿಗೆ ಹೋದವರು ಅವರ ಹೆಸರು ಹೇಳದೆ ಇಳಿಯುವುದಿಲ್ಲ. ಬೆಂಗಳೂರಿನಲ್ಲಿ 1970ರ ದಶಕದಲ್ಲಿ ಎಚ್. ನರಸಿಂಹಯ್ಯ ಕುಲಪತಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡವರ ಮನೆಯ ಹುಡುಗ. ಅಮೆರಿಕದಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಪಡೆದು ಬಂದರೂ ತೊಟ್ಟಿದ್ದು ಖಾದಿ, ಮನೆ ಎಂದರೆ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆ. 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿ ಭಾರಿ ಭಾರಿ ಬಾಬಾಗಳ ಭಕ್ತರನ್ನೇ ಎದುರು ಹಾಕಿಕೊಂಡರು. ಪ್ರಶ್ನೆ ಮಾಡದೆ ಏನನ್ನೂ ಒಪ್ಪಬೇಡಿ ಎಂದು ಹುಡುಗರಿಗೆ ಕಲಿಸಿದರು. ಇವತ್ತು ಅಂಥ ಒಂದು ಸಮಿತಿ ಮಾಡುವ ಎದೆಗಾರಿಕೆ ಯಾರಿಗಿದೆ?

ಈಗ ದಿಲ್ಲಿಯ ಕಡೆ ನೋಡಿ. 2025ರ ಜನವರಿಯಲ್ಲಿ ಯುಜಿಸಿ ಒಂದು ಕರಡು ನಿಯಮ ಹೊರಡಿಸಿತು. ಅದರ ಪ್ರಕಾರ ಕುಲಪತಿಯನ್ನು ಹುಡುಕುವ ಸಮಿತಿಯಲ್ಲಿ ಕುಲಾಧಿಪತಿಗಳ ಕಡೆಯವರು, ಯುಜಿಸಿ ಕಡೆಯವರು, ವಿಶ್ವವಿದ್ಯಾಲಯದ ಕಡೆಯವರು. ರಾಜ್ಯ ಸರ್ಕಾರದ ಪ್ರತಿನಿಧಿಗೆ ಜಾಗವೇ ಇಲ್ಲ! ಪಾಠವನ್ನೇ ಮಾಡದ ಉದ್ಯಮದವರೂ ಕುಲಪತಿ ಆಗಬಹುದಂತೆ. ಜಾಗ ನಮ್ಮದು, ಸಂಬಳ ನಮ್ಮದು, ಮಕ್ಕಳು ನಮ್ಮವರು, ಆರಿಸುವವರು ಮಾತ್ರ ಅವರು. ಇದನ್ನು ಒಪ್ಪಲು ಸಾಧ್ಯವಿಲ್ಲ. ಕರ್ನಾಟಕ ವಿರೋಧಿಸಿದ್ದು, ಆ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬೇರೆ ರಾಜ್ಯಗಳ ಮಂತ್ರಿಗಳನ್ನೂ ಸೇರಿಸಿದ್ದು ಸರಿಯೇ.

ಆದರೆ ದಿಲ್ಲಿಗೆ ಬೈದ ಮಾತ್ರಕ್ಕೆ ವಿಧಾನಸೌಧ ತೊಳೆದ ಮುತ್ತಾಗುವುದಿಲ್ಲ. ಅದೇ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿಯೊಂದು ಹಾವೇರಿ, ಕೊಡಗು, ಚಾಮರಾಜನಗರ ಸೇರಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಿ ಬೇರೆಯವಕ್ಕೆ ಸೇರಿಸಿ ಎಂದು ಶಿಫಾರಸು ಮಾಡಿತು. ಕಾರಣ? ದುಡ್ಡಿಲ್ಲ, ಸಿಬ್ಬಂದಿಯಿಲ್ಲ. ಬೋರ್ಡು ಹಾಕಿ, ಕುಲಪತಿ ಕೂರಿಸಿ, ಮೇಷ್ಟ್ರನ್ನೇ ಕೊಡದಿದ್ದರೆ ಇನ್ನೇನಾದೀತು? 2023ರ ಕೊನೆಯಲ್ಲಿ ಅತಿಥಿ ಉಪನ್ಯಾಸಕರು ತರಗತಿ ಬಿಟ್ಟು ಬೀದಿಗೆ ಬಂದಾಗ ಪದವಿ ಕಾಲೇಜುಗಳೇ ಬಿಕೋ ಎಂದವು. ಅಂದರೆ ಪಾಠ ಯಾರ ಹೆಗಲ ಮೇಲೆ ನಿಂತಿದೆ ಎಂದು ಅವತ್ತು ಎಲ್ಲರಿಗೂ ಕಂಡಿತು.

ಹಾಗಾದರೆ ಕುಲಪತಿಯಾಗಿ ಬರುವವರಿಂದ ನಾವು ಕೇಳಬೇಕಾದ್ದೇನು? ದೊಡ್ಡ ದೊಡ್ಡ ಮಾತು ಬೇಡ. ಮೂರೇ ಮಾತು.

ಒಂದು, ಪರೀಕ್ಷೆ ಮುಗಿದ ಎಷ್ಟು ದಿನಕ್ಕೆ ಫಲಿತಾಂಶ, ಎಷ್ಟು ದಿನಕ್ಕೆ ಅಂಕಪಟ್ಟಿ? ಮೊದಲ ವಾರವೇ ದಿನಾಂಕ ಬರೆದು ಕಾಲೇಜು ಕಾಲೇಜಿನ ನೋಟೀಸು ಬೋರ್ಡಿಗೆ ಹಚ್ಚಲಿ.

ಎರಡು, ಕನ್ನಡ. ಪಾಠ ಇಂಗ್ಲಿಷಿನಲ್ಲಿದ್ದರೂ ಸ್ಥಳೀಯ ಭಾಷೆಯಲ್ಲಿ ಉತ್ತರ ಬರೆಯಲು ಬಿಡಿ ಎಂದು 2023ರ ಏಪ್ರಿಲ್‌ನಲ್ಲಿ ಯುಜಿಸಿಯೇ ವಿಶ್ವವಿದ್ಯಾಲಯಗಳಿಗೆ ಹೇಳಿದೆ. ಹಳ್ಳಿಯಿಂದ ಬಂದು ಬಿ.ಎಸ್ಸಿ., ಬಿ.ಕಾಂ. ಸೇರಿ, ಗೊತ್ತಿದ್ದ ಉತ್ತರವನ್ನೂ ಇಂಗ್ಲಿಷ್ ಬಾರದೆ ಬಿಟ್ಟು ಬರುವ ಮಕ್ಕಳಿಗೆ ಆ ಹಕ್ಕು ಇದೆಯೆಂದೇ ಯಾರೂ ಹೇಳುವುದಿಲ್ಲ. ಹೇಳಬೇಕಾದವರು ಕುಲಪತಿ. ಹೇಳಿ ಸುಮ್ಮನಾದರೆ ಸಾಲದು, ವರ್ಷಕ್ಕೆ ಇಷ್ಟು ಪಠ್ಯ ಕನ್ನಡದಲ್ಲಿ ಎಂದು ಲೆಕ್ಕ ಕೊಡಬೇಕು. ಬರೆಯುವವರನ್ನು ಕೂರಿಸಿ. ಅಚ್ಚು ಹಾಕಲು ರಾಜ್ಯದ ಊರೂರಲ್ಲಿ ಪ್ರೆಸ್ಸುಗಳು ಕೆಲಸವಿಲ್ಲದೆ ನಿಂತಿವೆ.

ಮೂರು, ಖಾಲಿ ಹುದ್ದೆ ಮತ್ತು ದುಡ್ಡು. ಎಷ್ಟು ಹುದ್ದೆ ಖಾಲಿ, ಎಷ್ಟು ಅನುದಾನ ಕೇಳಿದಿರಿ, ಎಷ್ಟು ಬಂತು? ವರ್ಷಕ್ಕೊಮ್ಮೆ ವಿದ್ಯಾರ್ಥಿಗಳ ಮುಂದೆ ನಿಂತು ಓದಿ ಹೇಳಲಿ. ಸರ್ಕಾರ ಕೊಡದಿದ್ದರೆ ಹೆಸರು ಹಿಡಿದು ಹೇಳಲಿ. ಅವರ ಬೆನ್ನಿಗೆ ನಾವಿರುತ್ತೇವೆ.

ಗೆಳೆಯರೇ, ಹೊಸ ಕುಲಪತಿ ಬಂದ ದಿನ ಹಾರ ಹಿಡಿದು ಹೋಗುವವರು ಬಹಳ ಮಂದಿ. ನೀವು ಈ ಮೂರು ಪ್ರಶ್ನೆ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಗಲಾಟೆ ಬೇಡ, ಕಲ್ಲು ಬೇಡ. ಕನ್ನಡದಲ್ಲಿ ಕೇಳಿ, ಕನ್ನಡದಲ್ಲೇ ಉತ್ತರ ಬರೆಸಿಕೊಂಡು ಬನ್ನಿ. ಆ ಉತ್ತರವನ್ನು ಅಚ್ಚು ಹಾಕಿ ಕೊಡುವ ಕೆಲಸ ನನ್ನದು. ಅದಕ್ಕೆ ನಯಾಪೈಸೆ ಬೇಡ.