ಸ್ಯಾಮನಿಗೆ ಕಣ್ಣೀರಷ್ಟೇ ಸಾಕೆ?

‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಎಂಬ ಅದ್ಭುತ ಕಥೆಯ ಮೂರು ಚಲಚ್ಚಿತ್ರಗಳು 2001, 2002 ಮತ್ತು 2003ರಲ್ಲಿ ಸಾಲಾಗಿ ತೆರೆಗೆ ಬಂದವು. ಇಪ್ಪತ್ತು ವರ್ಷಗಳು ಕಳೆದರೂ ಅವುಗಳ ಅಭಿಮಾನಿಗಳ ಚರ್ಚೆ ನಿಂತಿಲ್ಲ. ಯಾವ ಪಾತ್ರ ಹೆಚ್ಚು ಕರುಳು ಹಿಂಡಿತು ಎಂಬುದೇ ಅವರ ವಾದ. ಆಸೆಗೆ ಸೋತು ಜೊತೆಗಾರನ ಮೇಲೆ ಕೈಯೆತ್ತಿ, ಬಳಿಕ ಬಾಣಗಳಿಗೆ ಎದೆಯೊಡ್ಡಿ ಮಡಿದ ಬೊರೊಮಿರ್ ಎಂದು ಒಬ್ಬರು ಹೇಳುತ್ತಾರೆ. ಮಗನ ಸಮಾಧಿಯ ಮುಂದೆ ಬಿಕ್ಕುವ ಮುದಿ ದೊರೆ ಥಿಯೋಡೆನ್ ಎಂದು ಇನ್ನೊಬ್ಬರು. ಉಂಗುರದ ಮೋಹದಲ್ಲಿ ನೂರಾರು ವರ್ಷ ಕೊಳೆತು ತನ್ನೊಡನೆ ತಾನೇ ಜಗಳವಾಡುವ ಗೊಲ್ಲಮ್ ಎಂದು ಮತ್ತೊಬ್ಬರು. ಆದರೆ ಮಾತು ಎಲ್ಲಿ ಸುತ್ತಿದರೂ ಬಹುಮಟ್ಟಿಗೆ ಬಂದು ನಿಲ್ಲುವುದು ಸ್ಯಾಮ್ ಎಂಬ ತೋಟದ ಆಳಿನ ಬಳಿಯೇ.

ಸಿನಿಮಾದ ಮಾತಿಗೂ ಪಕ್ಷದ ಪತ್ರಿಕೆಗೂ ಏನು ಸಂಬಂಧ ಎಂದು ಕೆಲವರು ಕೇಳಿಯಾರು. ಜನ ಯಾರಿಗಾಗಿ ಅಳುತ್ತಾರೆ ಎಂಬುದು ರಾಜಕೀಯಕ್ಕೆ ಸಂಬಂಧಿಸಿದ ಮಾತೇ. ಅತ್ತು ಮುಗಿದ ಮೇಲೆ ಏನು ಮಾಡುತ್ತಾರೆ ಎಂಬುದು ಅದಕ್ಕಿಂತ ದೊಡ್ಡ ಮಾತು. ಆದುದರಿಂದಲೇ ಈ ವಿಷಯವನ್ನು ನಾವು ಎತ್ತಿಕೊಂಡಿದ್ದೇವೆ.

ಕಥೆಯನ್ನು ಅರಿಯದವರಿಗಾಗಿ ಎರಡು ಮಾತು. ಸೌರನ್ ಎಂಬ ಕ್ರೂರಿ ಲೋಕವನ್ನೆಲ್ಲ ಆಳಲು ಒಂದು ಉಂಗುರವನ್ನು ಮಾಡಿದ್ದಾನೆ. ಅದು ಹುಟ್ಟಿದ ಬೆಂಕಿಬೆಟ್ಟದಲ್ಲೇ ಅದನ್ನು ಕರಗಿಸಬೇಕು. ಅರಸರೂ ವೀರರೂ ಮುಟ್ಟಲಂಜುವ ಆ ಉಂಗುರವನ್ನು ಹೊರುವವನು ಹಾಬಿಟ್ ಎಂಬ ಕುಳ್ಳ ಜನಾಂಗದ ಫ್ರೋಡೊ. ಅವನ ತೋಟ ಕಾಯುವ ಸ್ಯಾಮ್ ಜೊತೆಗೆ ಹೊರಡುತ್ತಾನೆ. ಅಡಿಗೆ ಮಾಡುವವನು ಇವನು, ಪಾತ್ರೆ ಹೊರುವವನು ಇವನು, ಧಣಿ ಮಲಗಿದಾಗ ಎಚ್ಚರವಿರುವವನೂ ಇವನೇ.

ಚಿತ್ರದಲ್ಲಿ ಒಂದು ಪ್ರಸಂಗವಿದೆ. ದಾರಿಗೆ ಉಳಿದಿದ್ದ ರೊಟ್ಟಿಯನ್ನು ಗೊಲ್ಲಮ್ ಬಂಡೆಯ ಕೆಳಗೆಸೆದು, ಸ್ಯಾಮನೇ ಕದ್ದು ತಿಂದನೆಂದು ಚಾಡಿ ಹೇಳುತ್ತಾನೆ. ಫ್ರೋಡೊ ಅದನ್ನು ನಂಬಿ, ನೀನಿನ್ನು ಮನೆಗೆ ಹೋಗು ಎಂದು ಸ್ಯಾಮನನ್ನು ಅಟ್ಟುತ್ತಾನೆ. ಮೂಲ ಪುಸ್ತಕದಲ್ಲಿ ಇದು ಇಲ್ಲ. ಇಲ್ಲದ್ದನ್ನು ಸೇರಿಸಿ ಫ್ರೋಡೊನ ಹೆಸರು ಕೆಡಿಸಿದರೆಂದು ನಿರ್ದೇಶಕ ಪೀಟರ್ ಜಾಕ್ಸನ್ನರ ಮೇಲೆ ಪುಸ್ತಕಪ್ರಿಯರಿಗೆ ಇಂದಿಗೂ ಕೋಪ. ಆ ಕೋಪದಲ್ಲಿ ನ್ಯಾಯವಿದ್ದೀತು. ಆದರೂ ಆ ನೋಟ ದುಡಿಯುವವನ ಎದೆಗೆ ನೇರವಾಗಿ ತಾಗುತ್ತದೆ. ಹೊತ್ತವನ ಮೇಲೆಯೇ ಕಳವಿನ ಆರೋಪ, ವಿಚಾರಣೆಯಿಲ್ಲದೆ ವಜಾ! ಗಿರಣಿಯ ಬಾಗಿಲಲ್ಲಿ ಇದನ್ನು ಕಾಣದವರು ಯಾರಿದ್ದಾರೆ? ಅಳುತ್ತಾ ಇಳಿದ ಸ್ಯಾಮ್ ಎಸೆದ ರೊಟ್ಟಿಯನ್ನು ಕಂಡು ಹಿಂದಿರುಗುತ್ತಾನೆ. ಕೊನೆಗೆ ಉಂಗುರವನ್ನು ನಾನು ಹೊರಲಾರೆ, ನಿನ್ನನ್ನಾದರೂ ಹೊರುತ್ತೇನೆಂದು ಧಣಿಯನ್ನು ಬೆನ್ನಮೇಲೆ ಹಾಕಿಕೊಂಡು ಬೆಟ್ಟವೇರುತ್ತಾನೆ.

ಈ ಸ್ಯಾಮ್ ಬರಿಯ ಕಲ್ಪನೆಯ ಕೂಸಲ್ಲ. ಕಥೆಗಾರ ಟೋಲ್ಕಿನ್ 1916ರಲ್ಲಿ ಫ್ರಾನ್ಸಿನ ಸೊಮ್ ಕಾಳಗದಲ್ಲಿ ಲ್ಯಾಂಕಷೈರ್ ಫ್ಯೂಸಿಲಿಯರ್ಸ್ ಎಂಬ ದಳದ ಕಿರಿಯ ಅಧಿಕಾರಿಯಾಗಿದ್ದರು. ಆ ಕಾಳಗದ ಮೊದಲ ದಿನವೇ 19,000ಕ್ಕೂ ಹೆಚ್ಚು ಬ್ರಿಟಿಷ್ ಸೈನಿಕರು ಸತ್ತರು. ಟೋಲ್ಕಿನ್ನರ ದಳದ ಸಾಮಾನ್ಯ ಸಿಪಾಯಿಗಳು ಲ್ಯಾಂಕಷೈರಿನ ನೂಲು, ನೇಯ್ಗೆ ಮತ್ತು ಗಣಿಗಳ ಊರುಗಳಿಂದ ಬಂದವರು. ಅಂಥ ಸಿಪಾಯಿಗಳನ್ನೂ, ಅಧಿಕಾರಿಗಳ ಸೇವೆಗಿದ್ದ ಜವಾನರನ್ನೂ ತಮಗಿಂತ ಎಷ್ಟೋ ಮೇಲೆಂದು ಬಗೆದು, ಅವರ ನೆರಳಿನಲ್ಲೇ ಸ್ಯಾಮನನ್ನು ಚಿತ್ರಿಸಿದುದಾಗಿ ಟೋಲ್ಕಿನ್ ಹೇಳಿಕೊಂಡಿದ್ದಾರೆ. ಲ್ಯಾಂಕಷೈರಿನ ಗಿರಣಿಗಳು ನಮ್ಮ ಕೈಮಗ್ಗದ ಕತ್ತು ಹಿಸುಕಿದುದನ್ನು ನಾವು ಮರೆತಿಲ್ಲ. ಆದರೆ 1931ರಲ್ಲಿ ಗಾಂಧೀಜಿ ಆ ಊರುಗಳಿಗೆ ಹೋದಾಗ ಅಲ್ಲಿಯ ಗಿರಣಿ ಕೆಲಸಗಾರರೇ ಅವರನ್ನು ಆದರದಿಂದ ಬರಮಾಡಿಕೊಂಡರೆಂಬುದನ್ನೂ ಮರೆಯಬಾರದು. ಸ್ಯಾಮ್ ಅಂಥ ಜನರ ಪೈಕಿಯವನು.

ಈಗ ಚಿತ್ರ ಬಿಟ್ಟುಹೋದುದರ ಮಾತು. ಪುಸ್ತಕದಲ್ಲಿ ಇವರು ಊರಿಗೆ ಮರಳಿದಾಗ ಊರು ಊರಾಗಿ ಉಳಿದಿಲ್ಲ. ಲೋಥೊ ಎಂಬ ಹಣವಂತ ಗಿರಣಿ, ಛತ್ರ, ಹೊಲಗಳನ್ನೆಲ್ಲ ಒಂದೊಂದಾಗಿ ಕೊಂಡು ಪುಂಡರನ್ನು ತಂದಿಟ್ಟಿದ್ದಾನೆ. ಮರಗಳು ಉರುಳಿವೆ, ಹೊಳೆ ಹೊಲಸಾಗಿದೆ, ಸ್ಯಾಮನ ಮುದಿ ತಂದೆ ಮನೆ ಕಳೆದುಕೊಂಡಿದ್ದಾನೆ. ಆಗ ಯಾವ ದೊರೆಯ ಸೈನ್ಯವೂ ಬರುವುದಿಲ್ಲ. ಊರ ಜನ ಕೊಂಬೂದಿ ತಾವೇ ಎದ್ದು ಪುಂಡರನ್ನು ಓಡಿಸುತ್ತಾರೆ. ಅದರಲ್ಲಿ 19 ಮಂದಿ ಹಾಬಿಟ್ಟರು ಪ್ರಾಣ ತೆರುತ್ತಾರೆ. ಬಳಿಕ ತೋಟದ ಆಳು ಸ್ಯಾಮನನ್ನು ಜನರು ಆರಿಸಿ ತಮ್ಮ ಮೇಯರನನ್ನಾಗಿ ಮಾಡುತ್ತಾರೆ. ಒಂದಲ್ಲ, ಏಳು ಸಲ!

ಟೋಲ್ಕಿನ್ ನಮ್ಮ ಪಂಗಡದವರೆಂದು ನಾವು ಹೇಳಹೊರಟಿಲ್ಲ. ಅವರು ಹಳೆಯ ಸಂಪ್ರದಾಯದ ಕ್ಯಾಥೊಲಿಕ್ಕರು, ಆಕ್ಸ್‌ಫರ್ಡಿನ ಪ್ರಾಧ್ಯಾಪಕರು. ಆ ಅಧ್ಯಾಯದಲ್ಲಿ ಪುಂಡರು ಸಮಪಾಲು ಹಂಚುವ ಹೆಸರಿನಲ್ಲಿ ಧಾನ್ಯ ಎತ್ತಿಕೊಂಡು ಹೋಗಿ ತಮ್ಮ ಕಣಜ ತುಂಬುತ್ತಾರೆ. ಇದು ಯುದ್ಧಾನಂತರದ ಇಂಗ್ಲೆಂಡಿನ ಮೇಲಿನ ಕಟಕಿಯೆಂದು ಕೆಲವರು ಹೇಳಿದರು. ಪುಸ್ತಕದ ಎರಡನೆಯ ಆವೃತ್ತಿಯ ಮುನ್ನುಡಿಯಲ್ಲಿ ಟೋಲ್ಕಿನ್ ಅದನ್ನು ಅಲ್ಲಗಳೆದರು. ಕಟಕಿಯೇ ಆಗಿದ್ದರೂ ನಮಗೇನು ಮುನಿಸು? ಸಮಪಾಲಿನ ಹೆಸರು ಹೇಳಿ ಕಣಜ ತುಂಬಿಕೊಳ್ಳುವವರು ಸಮಾಜವಾದಿಗಳಿಗೇ ಮೊದಲ ಶತ್ರುಗಳು.

ಚಿತ್ರ ಈ ಅಧ್ಯಾಯವನ್ನು ಪೂರ್ತಿ ಕೈಬಿಟ್ಟಿತು. ಪಟ್ಟಕ್ಕೆ ಬಂದ ದೊರೆ ಕುಳ್ಳರ ಮುಂದೆ ಬಾಗುವ ನೋಟವನ್ನು ಕೊಟ್ಟಿತು, ಜನರು ವೋಟು ಕೊಟ್ಟು ಸ್ಯಾಮನನ್ನು ಮೇಲೆತ್ತಿದುದನ್ನು ತೋರಿಸಲಿಲ್ಲ. ಆಳು ಪ್ರಿಯನಾದ, ನಾಯಕನಾಗಲಿಲ್ಲ. ಚಿತ್ರ ಉದ್ದವಾಗುತ್ತಿತ್ತೆಂಬ ಸಮಾಧಾನವುಂಟು. ಆದರೂ ನಷ್ಟ ನಷ್ಟವೇ.

ತೆರೆಯ ಹಿಂದೆಯೂ ಇದೇ ಕಥೆ. ಈ ಚಿತ್ರಗಳನ್ನು ತೆಗೆದುದು ನ್ಯೂಜಿಲೆಂಡಿನಲ್ಲಿ. ಮೂರನೆಯ ಚಿತ್ರವೊಂದೇ 11 ಆಸ್ಕರ್ ಗಳಿಸಿತು, ನೂರು ಕೋಟಿ ಡಾಲರಿಗೂ ಮೀರಿ ಹಣ ತಂದಿತು. ಇವುಗಳಿಗಾಗಿ ಪುಟ್ಟ ಮಾದರಿಗಳನ್ನು ಮಾಡುತ್ತಿದ್ದ ಒಬ್ಬ ಕುಶಲಕರ್ಮಿಯನ್ನು ಕೆಲಸದಿಂದ ಬಿಡಿಸಿದರು. ನೀನು ನೌಕರನಲ್ಲ, ಸ್ವತಂತ್ರ ಗುತ್ತಿಗೆದಾರ ಎಂದಿತು ಸಂಸ್ಥೆ. ಆತ ನ್ಯಾಯಾಲಯ ಹತ್ತಿದ. ಕಾಗದದಲ್ಲಿ ಏನೆಂದು ಬರೆದಿದ್ದರೂ ಕೆಲಸದ ನಿಜಸ್ವರೂಪವನ್ನು ನೋಡಬೇಕು, ಈತ ನೌಕರನೇ ಎಂಬ ತೀರ್ಪು 2005ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟಿನಲ್ಲಿ ಉಳಿಯಿತು.

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! 2010ರಲ್ಲಿ ಅದೇ ಕಥೆಗಾರರ ‘ಹಾಬಿಟ್’ ಚಿತ್ರಕ್ಕೆ ಸಿದ್ಧತೆ ನಡೆದಾಗ ನಟರ ಸಂಘ ಸಾಮೂಹಿಕ ಒಪ್ಪಂದ ಕೇಳಿತು. ಚಿತ್ರವನ್ನೇ ಬೇರೆ ದೇಶಕ್ಕೆ ಒಯ್ಯುವ ಮಾತು ಹಬ್ಬಿತು. ಆ ಅಕ್ಟೋಬರ್ 25ರಂದು ಅಲ್ಲಿಯ ಹಲವು ಊರುಗಳಲ್ಲಿ ಚಿತ್ರ ಉಳಿಸಿರೆಂದು ಜನ ಬೀದಿಗಿಳಿದರು. ಅಂದು ಆ ದೇಶದ ಕಾರ್ಮಿಕ ದಿನ! 1840ರಲ್ಲಿ ವೆಲಿಂಗ್ಟನ್ನಿನ ಸ್ಯಾಮ್ಯುಯೆಲ್ ಪಾರ್ನೆಲ್ ಎಂಬ ಬಡಗಿ ದಿನಕ್ಕೆ 8 ಗಂಟೆಗಿಂತ ಹೆಚ್ಚು ದುಡಿಯೆನೆಂದು ಹಿಡಿದ ಪಟ್ಟನ್ನು ನೆನೆಯುವ ದಿನ. ಬೀದಿಗಿಳಿದವರನ್ನು ನಾವು ಹಳಿಯುವುದಿಲ್ಲ. ಅನ್ನ ಹೋದೀತೆಂಬ ಭಯ ಅವರದು. ಆದರೆ ತಿಂಗಳು ಮುಗಿಯುವುದರೊಳಗೆ ಸರಕಾರ ಅವಸರದಿಂದ ಕಾಯಿದೆ ತಿದ್ದಿತು. ಬರಹದಲ್ಲಿ ನೌಕರನೆಂದು ಒಪ್ಪಂದವಿಲ್ಲದ ಚಿತ್ರ ಕೆಲಸಗಾರರೆಲ್ಲ ಗುತ್ತಿಗೆದಾರರೇ ಎಂದಾಯಿತು. ವಾರ್ನರ್ ಕಂಪನಿಗೆ ತೆರಿಗೆಯ ರಿಯಾಯಿತಿಯೂ ಹೆಚ್ಚಿತು. ಚಿತ್ರ ಕೆಲಸಗಾರರಿಗೆ ಒಟ್ಟಾಗಿ ಚೌಕಾಸಿ ಮಾಡುವ ಹಕ್ಕು ಕೊಡುವ ಕಾಯಿದೆ ಬರಲು 2022ರವರೆಗೆ ಕಾಯಬೇಕಾಯಿತು. ಆಗಲೂ ಗುತ್ತಿಗೆದಾರನೆಂಬ ಹೆಸರು ಅಳಿಯಲಿಲ್ಲ.

ಈ ಹೆಸರು ಬದಲಾಯಿಸುವ ಆಟ ನಮಗೆ ಹೊಸದೇ? ವರ್ಷಗಟ್ಟಲೆ ದುಡಿದರೂ ಗಿರಣಿಯಲ್ಲಿ ಅವನು ‘ಬದಲಿ’. ಮನೆಮನೆಗೆ ಸಾಮಾನು ತಲುಪಿಸುವ ಹುಡುಗ ಕಂಪನಿಯ ಬಾಯಲ್ಲಿ ‘ಪಾಲುದಾರ’. ಲಾಭದಲ್ಲಿ ಮಾತ್ರ ಪಾಲಿಲ್ಲ. ಅದೇ ಕಂಪನಿ ಬೀದಿಯ ಸಣ್ಣ ಅಂಗಡಿಕಾರನ ಗಿರಾಕಿಯನ್ನೂ ಕಸಿಯುತ್ತಿದೆ. ಇಂಥ ಕೆಲಸಗಾರರ ಸಾಮಾಜಿಕ ಭದ್ರತೆಗೆಂದು ಕರ್ನಾಟಕದಲ್ಲಿ 2025ರಲ್ಲಿ ಕಾಯಿದೆಯಾದುದು ಒಳ್ಳೆಯದೇ. ಆದರೆ ಅದೂ ಅವರನ್ನು ನೌಕರರೆಂದು ಕರೆಯಲಿಲ್ಲ.

ಸ್ಯಾಮನಿಗಾಗಿ ಅಳುವವರನ್ನು ನಾವು ಹಾಸ್ಯ ಮಾಡುವುದಿಲ್ಲ. ಅರಸನ ಕಿರೀಟಕ್ಕಿಂತ ಆಳಿನ ಬೆನ್ನು ದೊಡ್ಡದೆಂದು ಅವರ ಹೃದಯ ಗುರುತಿಸಿದೆ. ಅದು ಒಳ್ಳೆಯ ಲಕ್ಷಣ. ಆದರೆ ಕಣ್ಣೀರು ಟಾಕೀಸಿನ ಬಾಗಿಲಲ್ಲೇ ಆರಬಾರದು. ಹೊರುವವನಿಗೆ ಬೇಕಾದುದು ಮೆಚ್ಚುಗೆಯಷ್ಟೇ ಅಲ್ಲ; ಕೂಲಿ, ಸಂಘ, ವಜಾ ಮಾಡುವ ಮುನ್ನ ವಿಚಾರಣೆ, ಊರಿನ ಆಡಳಿತದಲ್ಲಿ ಸ್ಥಾನ. ಪುಸ್ತಕದ ಸ್ಯಾಮನಿಗೆ ಅವನ ಊರು ಆ ಸ್ಥಾನವನ್ನು ಕೊಟ್ಟಿತು. ನಮ್ಮ ನಡುವಿನ ಸ್ಯಾಮರಿಗೆ ಅದು ದೊರೆಯಬೇಕಾದರೆ ದುಡಿಯುವವರೂ ಸಣ್ಣ ವ್ಯಾಪಾರಿಗಳೂ ಒಟ್ಟಾಗಿ ಕೇಳಬೇಕು, ಕೇಳಿ ಪಡೆಯಬೇಕು.